ಕಾಲು ಉಳುಕಿದ ಮೇಲೂ ತಿರುಪತಿ ಯಾತ್ರೆ: ಕೋಲಾರದಿಂದ ಬಸ್ಸಿನಲ್ಲಿ, ತಂಡದ ಜೊತೆಯಲ್ಲೇ

ಕೋಲಾರದ ಕಡೆಯಿಂದ ತಿರುಪತಿಗೆ ನಡೆದು ಹೋಗುವ ತಂಡಗಳಲ್ಲಿ ಆಂಧ್ರ ಗಡಿಯ ನಂಗಲಿ ದಾಟುವುದರೊಳಗೆ ಯಾರಿಗಾದರೂ ಒಬ್ಬರಿಗೆ ಕಾಲು ಕೈಕೊಡುವುದು ಮಾಮೂಲು. ಬೆಳಗಿನ ಜಾವದ ಕತ್ತಲೆಯಲ್ಲಿ ಟಾರಿನ ಅಂಚಿನಿಂದ ಪಾದ ಜಾರಿ ಒಳಮುಖವಾಗಿ ತಿರುಚಿಕೊಳ್ಳುತ್ತದೆ, ಗಿಣ್ಣಿನ ಹೊರಬದಿ ಊದಿಕೊಳ್ಳುತ್ತದೆ. ಆಗ ಜೊತೆಯವರು ಹೇಳುವುದು ಎರಡೇ ಮಾತು: ಮನೆಗೆ ವಾಪಸ್ ಹೋಗಿ, ಇಲ್ಲವೇ ನೇರವಾಗಿ ತಿರುಪತಿ ಬಸ್ಸು ಹತ್ತಿ ಅಲ್ಲಿ ಕಾಯುತ್ತಿರಿ. ನನ್ನ ಕಾಲು ಉಳುಕಿದಾಗ ನಾನು ಎರಡನ್ನೂ ಒಪ್ಪಲಿಲ್ಲ. ತಂಡ ತಂಗುವ ಊರುಗಳಿಗೇ ತುಂಡು ತುಂಡಾಗಿ ಬಸ್ಸಿನಲ್ಲಿ ಹೋಗಿ, ಊಟ, ಭಜನೆ, ನಿದ್ದೆ ಎಲ್ಲವನ್ನೂ ತಂಡದ ಜೊತೆಯಲ್ಲೇ ಮಾಡುವ ಕ್ರಮ ಹಿಡಿದೆ. ಹೀಗೆ ಮಾಡಿದರೆ ವ್ರತ ಮುರಿಯುವುದಿಲ್ಲ. ಬೆಟ್ಟ ಸೇರುವುದರೊಳಗೆ ಕಾಲಿಗೆ ನಾಲ್ಕೈದು ದಿನದ ವಿಶ್ರಾಂತಿಯೂ ಸಿಗುತ್ತದೆ.

ಮೊದಲು ಉಳುಕೋ ಮುರಿತವೋ ಎಂಬುದು ತೀರ್ಮಾನ ಆಗಬೇಕು. ಬಿದ್ದ ಕೂಡಲೇ ನಾಲ್ಕು ಹೆಜ್ಜೆ, ಕುಂಟುತ್ತಲಾದರೂ, ಇಡಲು ಆಗದಿದ್ದರೆ ಎಕ್ಸ್‌ರೇ ಬೇಕೇ ಬೇಕು. ನಡೆಯಲು ಬಂದರೂ ಮೂರು ಕಡೆ ಬೆರಳಿನಿಂದ ಒತ್ತಿ ನೋಡಿ: ಗಿಣ್ಣಿನ ಒಳಗಿನ ಮತ್ತು ಹೊರಗಿನ ಮೂಳೆಯ ಹಿಂಬದಿ ಅಂಚು ಹಾಗೂ ತುದಿ, ಪಾದದ ಹೊರಬದಿಯಲ್ಲಿ ಕಿರುಬೆರಳಿನ ನೇರಕ್ಕೆ ನಡುವೆ ಉಬ್ಬಿರುವ ಮೂಳೆ, ಪಾದದ ಒಳಬದಿಯ ಕಮಾನಿನ ಮೇಲಿನ ಮೂಳೆ. ಮಾಂಸದ ಮೇಲಲ್ಲ, ಮೂಳೆಯ ಮೇಲೇ ಒತ್ತಿದಾಗ ಜೀವ ಹೋದಂತಾದರೆ ಆಗಲೂ ಎಕ್ಸ್‌ರೇ. ಕೋಲಾರ ದಾಟಿಲ್ಲದಿದ್ದರೆ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ. ಮುಂದೆ ಮುಳಬಾಗಿಲಿನ ತಾಲ್ಲೂಕು ಆಸ್ಪತ್ರೆ, ಗಡಿ ದಾಟಿದ ಮೇಲೆ ಪಲಮನೇರು, ಚಿತ್ತೂರು. ತಿರುಪತಿಯಲ್ಲಿ ಮೂಳೆಗೆಂದೇ ದೇವಸ್ಥಾನದ ಬರ್ಡ್ ಆಸ್ಪತ್ರೆ ಇದೆ, ಆದರೆ ಅಲ್ಲಿಯವರೆಗೆ ತಳ್ಳಿಕೊಂಡು ಹೋಗುವುದು ಸರಿಯಲ್ಲ. ತಂಗಿದ ಛತ್ರದಲ್ಲಿ ಯಾರಾದರೂ ಪುತ್ತೂರು ಕಟ್ಟಿನ, ಅಂದರೆ ಆಂಧ್ರದ ಪುತ್ತೂರಿನ ನಾಟಿ ಮೂಳೆ ಕಟ್ಟಿನ, ಮಾತು ಎತ್ತೇ ಎತ್ತುತ್ತಾರೆ. ನಮ್ಮ ಜಿಲ್ಲೆಯಲ್ಲಿ ಅದರ ಮೇಲಿರುವ ನಂಬಿಕೆ ನನಗೂ ಗೊತ್ತು. ಆದರೂ ಎಕ್ಸ್‌ರೇ ನೋಡದೆ, ಹೊಸ ಊತದ ಮೇಲೆ ಯಾವ ಬಿಗಿ ಕಟ್ಟೂ ಬೇಡ. ಊತ ಒಳಗೆ ಬೆಳೆಯುತ್ತಿರುವಾಗ ಹೊರಗೆ ಕಟ್ಟು ಜಗ್ಗದಿದ್ದರೆ ರಕ್ತ ಓಡಾಡುವ ದಾರಿ ಮುಚ್ಚುತ್ತದೆ. ಮೊದಲ ಎರಡು ದಿನ ಬಿಸಿ ಎಣ್ಣೆ ತಿಕ್ಕುವುದೂ ಬಿಸಿನೀರಿನ ಕಾವೂ ಬೇಡ, ಎರಡೂ ಊತವನ್ನು ಹೆಚ್ಚಿಸುತ್ತವೆ.

ಬೇಕಾದದ್ದು ಐಸ್ ಮತ್ತು ಕ್ರೇಪ್ ಬ್ಯಾಂಡೇಜ್. ಹೆದ್ದಾರಿಯ ಕೂಲ್ ಡ್ರಿಂಕ್ಸ್ ಅಂಗಡಿಗಳಲ್ಲಿ ಕೇಳಿದರೆ ಐಸ್ ಸಿಗುತ್ತದೆ. ಒದ್ದೆ ಟವೆಲಿನಲ್ಲಿ ಸುತ್ತಿ 15 ನಿಮಿಷ ಇಟ್ಟು ತೆಗೆಯಿರಿ, ಎರಡು ಮೂರು ಗಂಟೆ ಬಿಟ್ಟು ಮತ್ತೆ. ಚರ್ಮಕ್ಕೆ ನೇರವಾಗಿ ಇಟ್ಟರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ.

ಬ್ಯಾಂಡೇಜ್ 4 ಇಂಚಿನದೇ ಕೇಳಿ. 6 ಇಂಚಿನದು ಹಿಮ್ಮಡಿಯ ಹತ್ತಿರ ಮಡಿಕೆ ಬಿದ್ದು, ಆ ಮಡಿಕೆಯೇ ಗಾಯ ಮಾಡುತ್ತದೆ. ಕಟ್ಟುವಾಗ ಪಾದ ಕಾಲಿಗೆ ನೇರ ಕೋನದಲ್ಲಿರಬೇಕು, ಇಳಿಬಿಟ್ಟು ಕಟ್ಟಿದರೆ ಎದ್ದು ನಿಂತ ಕ್ಷಣ ಸಡಿಲವಾಗುತ್ತದೆ. ಬೆರಳುಗಳ ಬುಡದಿಂದ ಶುರು ಮಾಡಿ ಅಲ್ಲೇ ಎರಡು ಸುತ್ತು. ಆಮೇಲೆ ಪಾದದ ಮೇಲೆ ಓರೆಯಾಗಿ ಗಿಣ್ಣಿಗೆ ಹೋಗಿ, ಹಿಂದಿನಿಂದ ಬಳಸಿ, ಮತ್ತೆ ಓರೆಯಾಗಿ ಇಳಿದು ಪಾದದ ಅಡಿಗೆ. ಇಂಗ್ಲಿಷಿನ 8ರ ಆಕಾರ ಬರುತ್ತದೆ. ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧ ಮುಚ್ಚಬೇಕು. ಗಿಣ್ಣಿನ ಮೇಲೆ ನಾಲ್ಕು ಬೆರಳಗಲಕ್ಕೆ ಮುಗಿಸಿ. ಜೊತೆಗೆ ಕೊಡುವ ಕಬ್ಬಿಣದ ಕ್ಲಿಪ್ಪು ಬಸ್ಸಿನ ಕುಲುಕಾಟಕ್ಕೆ ಕಳಚಿ ಬೀಳುತ್ತದೆ, ಅದರ ಬದಲು ಅಂಟುವ ಮೆಡಿಕಲ್ ಟೇಪು ಹಚ್ಚಿ. ಕಟ್ಟಿದ ಮೇಲೆ ಹೆಬ್ಬೆರಳಿನ ಉಗುರು ಒತ್ತಿ ಬಿಡಿ: ಬೆಳ್ಳಗಾದದ್ದು ಎರಡು ಸೆಕೆಂಡಿನಲ್ಲಿ ಕೆಂಪಾಗಬೇಕು. ಬೆರಳು ತಣ್ಣಗಾದರೆ, ಜೋಮು ಹಿಡಿದರೆ, ನೀಲಿಯಾದರೆ ಬಿಚ್ಚಿ ಮತ್ತೆ ಸಡಿಲವಾಗಿ ಕಟ್ಟಿ. ರಾತ್ರಿ ಮಲಗುವಾಗ ಬಿಚ್ಚಿಟ್ಟು, ಲಗೇಜು ಚೀಲದ ಮೇಲೆ ಕಾಲು ಎತ್ತರಕ್ಕೆ ಇಡಿ.

ನೋವಿಗೆ ಪ್ಯಾರಾಸಿಟಮಾಲ್ ಸಾಕು, ಆರು ಗಂಟೆ ಅಂತರ ಬಿಟ್ಟು. ಬಿಸಿಲಲ್ಲಿ ನಡೆದು ಬೆವರಿ ಮೈಯಲ್ಲಿ ನೀರು ಕಡಿಮೆಯಾದವರು ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ್ದನ್ನು ನುಂಗಿದರೆ ಮೂತ್ರಪಿಂಡಕ್ಕೆ ಹೊಡೆತ. ಸಕ್ಕರೆ ಕಾಯಿಲೆ, ಬಿಪಿ ಇರುವವರು ವೈದ್ಯರನ್ನು ಕೇಳದೆ ಅವನ್ನು ಮುಟ್ಟಲೇಬಾರದು.

ಇನ್ನು ಲಗೇಜ್ ಗಾಡಿಯ ವಿಷಯ. ಅಕ್ಕಿ ಮೂಟೆ, ಹಾಸಿಗೆ, ಗ್ಯಾಸ್ ಸಿಲಿಂಡರ್ ಹೊತ್ತ ಟಾಟಾ ಏಸ್‌ನ ಹಿಂದೆ ಕಾಲು ಚಾಚಿ ಕೂತುಬಿಡಿ ಎಂದು ಎಲ್ಲರೂ ಪ್ರೀತಿಯಿಂದಲೇ ಕರೆಯುತ್ತಾರೆ. ದಯವಿಟ್ಟು ಹತ್ತಬೇಡಿ. ಸರಕು ಗಾಡಿಯಲ್ಲಿ ಜನ ಕೂರುವಂತಿಲ್ಲ, ಅಪಘಾತವಾದರೆ ವಿಮೆಯ ದುಡ್ಡು ಬರುವುದೂ ಕಷ್ಟ. ಹಿಡಿಯಲು ಕಂಬಿಯಿಲ್ಲ, ಬ್ರೇಕ್ ಹಾಕಿದಾಗಲೆಲ್ಲ ನೋವಿನ ಕಾಲೇ ಮೊದಲು ತಗಲುತ್ತದೆ. ಬ್ಯಾಗನ್ನು ಗಾಡಿಗೆ ಹಾಕಿ, ನೀವು ಬಸ್ಸಿಗೆ ಹೋಗಿ. ಕೈಯಲ್ಲಿ ಒಂದು ಜೋಳಿಗೆ ಮಾತ್ರ ಇರಲಿ: ಆಧಾರ್, ನೀರು, ಬ್ಯಾಂಡೇಜ್, ಟವೆಲು, ಮುಡುಪು.

ದಾರಿ ಸುಮಾರು 180 ಕಿ.ಮೀ. ಕೋಲಾರದಿಂದ ಮುಳಬಾಗಿಲಿಗೆ ಸುಮಾರು 30, ಅಲ್ಲಿಂದ ನಂಗಲಿ ದಾಟಿ ಪಲಮನೇರು, ಮೊಗಿಲಿ ಘಾಟು ಇಳಿದು ಬಂಗಾರುಪಾಳ್ಯಂ, ಚಿತ್ತೂರು. ಪಲಮನೇರಿನಿಂದ ಚಿತ್ತೂರಿಗೆ ಸುಮಾರು 40. ಚಿತ್ತೂರಿನಿಂದ ಪೂತಲಪಟ್ಟು, ಚಂದ್ರಗಿರಿ ಮೇಲೆ ತಿರುಪತಿಗೆ ಸುಮಾರು 70. ತಂಡದವರು ಬೆಳಗಿನ ಜಾವ ಹೊರಟು, ಬಿಸಿಲೇರಿದಾಗ ನಿಂತು, ಸಂಜೆ ಮತ್ತೆ ನಡೆದು 30–35 ಕಿ.ಮೀ. ಮುಗಿಸುತ್ತಾರೆ. ಅಷ್ಟು ದೂರಕ್ಕೆ ಬಸ್ಸಿಗೆ ಒಂದು ಗಂಟೆಯೂ ಬೇಡ. ಕಷ್ಟ ಇರುವುದೇ ಇಲ್ಲಿ. ಬೆಳಿಗ್ಗೆ ಆರಕ್ಕೆ ಬಸ್ಸು ಹಿಡಿದರೆ ಏಳಕ್ಕೆ ಮುಂದಿನ ಊರಲ್ಲಿರುತ್ತೀರಿ, ಛತ್ರದ ಬಾಗಿಲು ತೆರೆದಿರುವುದಿಲ್ಲ, ಬಸ್ ನಿಲ್ದಾಣದ ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂತು ಸಂಜೆಗೆ ಊತ ಇಮ್ಮಡಿ. ತಂಡ ಹೊರಟ ಮೇಲೆ ಹಿಂದಿನ ತಂಗುದಾಣದಲ್ಲೇ ಹತ್ತು ಗಂಟೆಯವರೆಗೆ ಕಾಲು ಮೇಲಿಟ್ಟು ಮಲಗಿರಿ. ಛತ್ರದವರಿಗೆ ಹಿಂದಿನ ರಾತ್ರಿಯೇ ಹೇಳಿಟ್ಟರೆ ಯಾರೂ ಎಬ್ಬಿಸುವುದಿಲ್ಲ. ಅಡುಗೆಯವರು ಮುಂದಿನ ಜಾಗ ಸೇರಿ ಒಲೆ ಹಚ್ಚುವ ಹೊತ್ತಿಗೆ ನೀವು ಬಸ್ಸಿಳಿದರೆ ಸರಿಯಾಗುತ್ತದೆ. ಕೂತಲ್ಲೇ ತರಕಾರಿ ಹೆಚ್ಚಿ, ಕಾಳು ಆರಿಸಿ; ನಡೆದು ಬಂದವರ ಬೊಬ್ಬೆಗಳಿಗೆ ಔಷಧಿ ಹಚ್ಚುವವರೂ ನೀವೇ ಆಗಬಹುದು. ತಂಡಕ್ಕೆ ಅದು ನಿಜವಾಗಿ ಬೇಕಾದ ಕೈ.

ಬಸ್ಸು ಆರಿಸುವಾಗ ಬೋರ್ಡು ನೋಡಿ. ಬೆಂಗಳೂರು–ತಿರುಪತಿ ದೂರದ ಬಸ್ಸುಗಳಲ್ಲಿ ಹಲವು ಬೈಪಾಸಿನಲ್ಲೇ ಹೋಗುತ್ತವೆ, ಊರೊಳಗೆ ಬರುವುದಿಲ್ಲ. ಬೈಪಾಸಿನಲ್ಲಿ ಇಳಿಸಿದರೆ ಊರಿಗೆ ಕುಂಟಿಕೊಂಡು ಹೋಗಬೇಕು. ಮುಳಬಾಗಿಲು, ನಂಗಲಿಯವರೆಗೆ ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸು ಒಳ್ಳೆಯದು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಇಲ್ಲಿ ಟಿಕೆಟ್ಟಿಲ್ಲ, ಆದರೆ ಅಂತರರಾಜ್ಯ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ಗಡಿಯಾಚೆ ಹಳ್ಳಿ ಹಳ್ಳಿಗೂ ನಿಲ್ಲುವ ಆಂಧ್ರದ ಬಸ್ಸಿಗೆ ಪಲ್ಲೆವೆಲುಗು ಎನ್ನುತ್ತಾರೆ. ತಂಡ ಸಣ್ಣ ಹಳ್ಳಿಯಲ್ಲಿ ತಂಗಿದ್ದರೆ ಅದೇ ಗತಿ. ಬಂಗಾರಪೇಟೆಯಿಂದ ರೈಲಿನಲ್ಲೂ ಹೋಗಬಹುದಲ್ಲ ಎನ್ನುವವರಿಗೆ ಹೇಳುವುದು ಇಷ್ಟೇ: ಅದು ಜೋಲಾರಪೇಟೆ, ಕಾಟ್ಪಾಡಿ ಸುತ್ತಿಕೊಂಡು ಹೋಗುತ್ತದೆ, ತಂಡದ ದಾರಿಗೂ ಅದಕ್ಕೂ ಸಂಬಂಧವಿಲ್ಲ.

ಬಸ್ಸಿನ ಮೊದಲ ಮೆಟ್ಟಿಲು ಎತ್ತರ, ಹೆಚ್ಚಿನವರಿಗೆ ಮತ್ತೆ ನೋವಾಗುವುದು ಅಲ್ಲೇ. ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮುಂದೆ. ಎರಡು ಕೈಯಲ್ಲೂ ಕಂಬಿ ಹಿಡಿಯಬೇಕು, ಆದ್ದರಿಂದ ಹತ್ತುವ ಮೊದಲು ಕೋಲನ್ನು ಒಳಗಿರುವವರ ಕೈಗೆ ಕೊಡಿ. ಸೀಟು ಹಿಡಿಯುವ ಲೆಕ್ಕ ಸುಲಭ: ಎಡಗಾಲಾದರೆ ಎಡಗಡೆ ಕಿಟಕಿ, ಬಲಗಾಲಾದರೆ ಡ್ರೈವರ್ ಕಡೆಯ ಕಿಟಕಿ. ಆಗ ನೋವಿನ ಪಾದ ಗೋಡೆಯ ಪಕ್ಕ ಇರುತ್ತದೆ, ನಡುದಾರಿಯಲ್ಲಿ ಓಡಾಡುವವರು ತುಳಿಯುವುದಿಲ್ಲ. ಚಕ್ರದ ಮೇಲಿನ ಸೀಟು, ಕೊನೆಯ ಸಾಲು ಎರಡೂ ಬೇಡ. ಒಂದರಲ್ಲಿ ಮೊಣಕಾಲು ಮಡಿಸಿ ಕೂರಬೇಕು, ಇನ್ನೊಂದು ಎತ್ತಿ ಎತ್ತಿ ಹಾಕುತ್ತದೆ. ಟಿಕೆಟ್ ತೆಗೆಯುವಾಗಲೇ ಕಂಡಕ್ಟರಿಗೆ, "ಕಾಲು ಉಳುಕಿದೆ ಅಣ್ಣ, ನಾನು ಇಳಿದ ಮೇಲೆ ರೈಟ್ ಹೇಳಿ" ಎಂದುಬಿಡಿ. ಗಡಿಯಾಚೆ ಅದನ್ನೇ ನಮ್ಮ ಮುಳಬಾಗಿಲು ಕಡೆಯ ತೆಲುಗಿನಲ್ಲಿ ಹೇಳಿದರೂ ನಡೆಯುತ್ತದೆ. ದಾರಿಯುದ್ದಕ್ಕೂ ಹತ್ತು ನಿಮಿಷಕ್ಕೊಮ್ಮೆ ಬೆರಳುಗಳನ್ನು ಮಡಚಿ ಬಿಡಿಸುತ್ತಿರಿ, ರಕ್ತ ನಿಲ್ಲುವುದಿಲ್ಲ.

ಕೋಲು ನೋವಿನ ಕಾಲಿನ ಕಡೆಯ ಕೈಯಲ್ಲಲ್ಲ, ಎದುರಿನ ಕೈಯಲ್ಲಿ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ತುದಿಗೆ ರಬ್ಬರ್ ಬುಷ್ ಹಾಕಿಸಿ, ಇಲ್ಲದಿದ್ದರೆ ದೇವಸ್ಥಾನಗಳ ಒದ್ದೆ ಕಲ್ಲಿನ ಮೇಲೆ ಜಾರುತ್ತದೆ.

ಮೂರನೆಯ ದಿನದ ಹೊತ್ತಿಗೆ ನೋವು ಇಳಿದು, ಒಂದಿಷ್ಟು ನಡೆಯೋಣ ಎನ್ನಿಸುತ್ತದೆ. ಮೊಗಿಲಿ ಘಾಟಿನಲ್ಲಿ ಮಾತ್ರ ಆ ಆಸೆ ಬೇಡ. ಸಪಾಟು ದಾರಿಗಿಂತ ಇಳಿಜಾರಿನಲ್ಲಿ ಗಿಣ್ಣಿನ ಮೇಲೆ ಬೀಳುವ ಭಾರ ಹೆಚ್ಚು, ಲಾರಿಗಳೂ ಹೆಚ್ಚು. ನಡೆಯಲೇಬೇಕು ಅನ್ನಿಸಿದರೆ ಕಾಣಿಪಾಕಂನಲ್ಲಿ ನಡೆಯಿರಿ. ಚಿತ್ತೂರಿನಿಂದ ಬಸ್ಸಿದೆ, ವರಸಿದ್ಧಿ ವಿನಾಯಕನ ಗುಡಿಯ ಸುತ್ತಮುತ್ತ ನೆಲ ಸಪಾಟು, ನೋವಾದರೆ ಕೂರಲು ಜಾಗವಿದೆ.

ಬೆಟ್ಟದ ವಿಷಯಕ್ಕೆ ಬಂದರೆ, ನಮ್ಮ ಕಡೆಯ ತಂಡಗಳಲ್ಲಿ ಹಲವು ಚಂದ್ರಗಿರಿಯಿಂದ ಶ್ರೀನಿವಾಸ ಮಂಗಾಪುರಕ್ಕೆ ತಿರುಗಿ ಶ್ರೀವಾರಿ ಮೆಟ್ಟು ಹತ್ತುತ್ತವೆ, 2,388 ಮೆಟ್ಟಿಲು. ಅಲಿಪಿರಿಯಲ್ಲಿ 3,550. ಶ್ರೀವಾರಿ ಮೆಟ್ಟು ಕಡಿಮೆಯಲ್ಲವೇ ಎಂದು ಮನಸ್ಸು ಎಳೆಯುತ್ತದೆ, ಆದರೆ ಅದು ಕಡಿದು. ವಾರದ ಹಿಂದೆ ಉಳುಕಿದ ಕಾಲಿಗೆ ಎರಡೂ ಸಲ್ಲ. ಅಲಿಪಿರಿಯ ಪಾದಾಲ ಮಂಟಪದಲ್ಲಿ ಸ್ವಾಮಿಯ ಪಾದುಕೆಗಳನ್ನು ತಲೆಯ ಮೇಲೆ ಹೊತ್ತು ಪ್ರದಕ್ಷಿಣೆ ಮಾಡಿ, ಮೊದಲ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚಿ, ಬಸ್ಸು ಹತ್ತಿ. ಮೇಲೆ ಹೋಗುವುದು ಎರಡನೆಯ ಘಾಟಿನಲ್ಲಿ, ಇಳಿಯುವುದು 1944ರಲ್ಲಿ ತೆರೆದ ಮೊದಲನೆಯ ಘಾಟಿನಲ್ಲಿ. ಈ ಬೆಟ್ಟದ ರಸ್ತೆಯ ಯೋಜನೆಯಲ್ಲಿ ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಪಾತ್ರವಿತ್ತು ಎಂಬುದು ನೆನಪಿಗೆ ಬಂದಾಗ ಬಸ್ಸಿನಲ್ಲಿ ಕೂತದ್ದಕ್ಕೆ ಸಂಕೋಚ ಅನ್ನಿಸುವುದಿಲ್ಲ. ಕೆಳಗಿನಿಂದ ಬಸ್ಸಿನಲ್ಲಿ ಬಂದರೆ ಅಲಿಪಿರಿಯ ತಪಾಸಣೆಯಲ್ಲಿ ಎಲ್ಲರೂ ಚೀಲ ಸಮೇತ ಇಳಿದು, ಆಚೆ ಬದಿ ನಡೆದು ಮತ್ತೆ ಹತ್ತಬೇಕು. ಜೋಳಿಗೆ ಒಂದೇ ಇರಲಿ ಎಂದದ್ದು ಇದಕ್ಕೂ ಸೇರಿ.

ದರ್ಶನದ ಟೋಕನ್ನಿಗೆ ಹಿಂದಿನ ದಿನವೇ ತಿರುಪತಿ ಸೇರಿ. 65 ದಾಟಿದವರಿಗೆ, ಅಂಗವೈಕಲ್ಯದ ಪ್ರಮಾಣಪತ್ರ ಇರುವವರಿಗೆ ಬೇರೆ ವ್ಯವಸ್ಥೆ ಇದೆ, ಉಳುಕಿದ ಕಾಲಿಗೆ ಅದು ಸಿಗುವುದಿಲ್ಲ. ಸರ್ವದರ್ಶನದ ಸಮಯ ನಿಗದಿ ಟೋಕನ್ ದೇವಸ್ಥಾನದ ವಸತಿಗೃಹಗಳಾದ, ಬಸ್ ನಿಲ್ದಾಣದ ಎದುರಿನ ಶ್ರೀನಿವಾಸಂನಲ್ಲೂ ರೈಲು ನಿಲ್ದಾಣದ ಎದುರಿನ ವಿಷ್ಣು ನಿವಾಸಂನಲ್ಲೂ ಸಿಗುತ್ತದೆ; ಕಾಲು ನೋವಿನವರಿಗೆ ಶ್ರೀನಿವಾಸವೇ ಹತ್ತಿರ. ಆಧಾರ್ ಹಿಡಿದು ನೀವೇ ಸಾಲಿನಲ್ಲಿ ನಿಲ್ಲಬೇಕು, ಬೇರೆಯವರನ್ನು ಕಳಿಸಿ ಪ್ರಯೋಜನವಿಲ್ಲ. ನಡೆದು ಹತ್ತುವವರ ಟೋಕನ್ ಬೇರೆ, ಅದನ್ನು ಕೊಡುವ ಜಾಗ ಆಗಾಗ ಬದಲಾಗುವುದರಿಂದ ದೇವಸ್ಥಾನದ ಜಾಲತಾಣ ನೋಡಿಕೊಂಡು ತಂಡಕ್ಕೆ ಮುಂಚೆಯೇ ತಿಳಿಸಿ. ಅವರ ಹೊತ್ತು, ನಿಮ್ಮ ಹೊತ್ತು ಹೊಂದುವುದು ಅಪರೂಪ. ಫೋನು ಒಳಗೆ ಬಿಡುವುದಿಲ್ಲ, ಹಾಗಾಗಿ ಭೇಟಿಯ ಜಾಗ, ಗಂಟೆ ಎರಡನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ. ತರಿಗೊಂಡ ವೆಂಗಮಾಂಬ ಅನ್ನಪ್ರಸಾದ ಭವನದ ಮುಂಭಾಗ ಯಾರಿಗೂ ತಪ್ಪುವುದಿಲ್ಲ. ಸಾಲಿನಲ್ಲಿ ಬರಿಗಾಲು, ಅಷ್ಟು ಹೊತ್ತು ಬ್ಯಾಂಡೇಜ್ ಕೊಳೆಯಾಗಿ ಒದ್ದೆಯಾಗುತ್ತದೆ, ಅದಕ್ಕೆ ಗಿಣ್ಣಿಗೆ ಹಾಕುವ ಕಾಲುಚೀಲದಂತಹ ಸಪೋರ್ಟ್ ಒಂದನ್ನು ಇಟ್ಟುಕೊಂಡಿರಿ.

ನಡೆದೇ ಬರುತ್ತೇನೆ ಎಂದು ಮುಡುಪು ಕಟ್ಟಿದವರಿಗೆ ಕೊರಗು ಉಳಿಯುತ್ತದೆ. ಅದಕ್ಕೆ ನಡಿಗೆ ನಿಂತ ಜಾಗವನ್ನು ಗುರುತು ಮಾಡಿಟ್ಟುಕೊಳ್ಳಿ, ಹೆದ್ದಾರಿಯ ಕಿಲೋಮೀಟರ್ ಕಲ್ಲಿನ ಸಂಖ್ಯೆ ಸಾಕು. ಉಳಿದ ದಾರಿಯನ್ನು ಮುಂದೆ ಅಲ್ಲಿಂದಲೇ ನಡೆದು ಮುಗಿಸಬಹುದು ಎಂಬುದು ನನ್ನ ತಿಳಿವಳಿಕೆ, ಮನೆಯ ಹಿರಿಯರನ್ನೂ ಒಂದು ಮಾತು ಕೇಳಿ. ಯಾವಾಗ ಎಂಬುದನ್ನು ಕಾಲೇ ಹೇಳಬೇಕು: ಉಳುಕಿದ ಕಾಲೊಂದರ ಮೇಲೆ ಅರ್ಧ ನಿಮಿಷ ಅಲ್ಲಾಡದೆ ನಿಲ್ಲಲು ಬರಬೇಕು, ತುದಿಗಾಲಿನಲ್ಲಿ ಇಪ್ಪತ್ತು ಸಲ ಏಳಲು ಬರಬೇಕು, 5 ಕಿ.ಮೀ. ನಡೆದ ಮಾರನೆಯ ಬೆಳಿಗ್ಗೆ ಊತ ಇರಬಾರದು. ಮೂರೂ ಸರಿಯಾದ ಮೇಲೆ ವಾರಕ್ಕೆ ಎರಡು ಮೂರು ಕಿ.ಮೀ. ಹೆಚ್ಚಿಸುತ್ತಾ ಹೋಗಿ, ಒಂದೇ ದಿನ 20 ದಾಟಿದಾಗ ಆ ಕಲ್ಲಿನಿಂದ ಹೊರಡಿ.