ಚೆಂಡು ಬಿಟ್ಟು ಮೈದಾನ ನೋಡುವುದು: ಕಾಲೇಜು ಫುಟ್‌ಬಾಲ್ ಕೋಚ್ ಆಗಿ ನನ್ನ ಅನುಭವ

ಬಿ.ಕಾಂ. ಓದುವಾಗ ಮೂರು ವರ್ಷ ನಮ್ಮ ಕಾಲೇಜು ತಂಡದಲ್ಲಿ ಲೆಫ್ಟ್ ಬ್ಯಾಕ್, ಅಂದರೆ ಎಡಗಡೆಯ ಡಿಫೆಂಡರ್ ಆಗಿ ಆಡಿದೆ. ನಾನು ಹಾಸನದ ಕಡೆಯವನು. ಊರಲ್ಲಿ ನಮ್ಮದೆಲ್ಲ ಕಬಡ್ಡಿ, ವಾಲಿಬಾಲ್. ಫುಟ್‌ಬಾಲ್ ಕಲಿತದ್ದು ಬೆಂಗಳೂರಿಗೆ ಬಂದ ಮೇಲೆ, ಆಸ್ಟಿನ್ ಟೌನ್, ಗೌತಮಪುರ ಕಡೆಯ ಹುಡುಗರ ಜೊತೆ. ಅವರ ಮನೆಗಳಲ್ಲಿ ತಾತನ ಕಾಲದಿಂದ ಈ ಆಟ ಇದೆ. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಮೈದಾನದಲ್ಲಿ ಅವರು ಕೂಗುತ್ತಿದ್ದದ್ದು ತಮಿಳಲ್ಲಿ. ಎರಡು ತಿಂಗಳಲ್ಲಿ ನನಗೂ ಅದು ಬಂತು.

ಆಮೇಲೆ ದೈಹಿಕ ಶಿಕ್ಷಣದ ಪದವಿ ಬಿ.ಪಿ.ಎಡ್. ಮಾಡಿದೆ. 2014ರಲ್ಲಿ ಒಂದು ಕಾಲೇಜಿನಲ್ಲಿ ಪಾರ್ಟ್ ಟೈಮ್ ಕೋಚ್ ಕೆಲಸ ಸಿಕ್ಕಿತು. ಬೆಳಿಗ್ಗೆ 6ರಿಂದ 8ರವರೆಗೆ ಪ್ರ್ಯಾಕ್ಟೀಸ್.

ಮೊದಲ ವರ್ಷ ನನ್ನ ಕೋಚ್ ನನಗೆ ಏನು ಮಾಡಿಸಿದ್ದರೋ ಅದನ್ನೇ ಮಾಡಿಸಿದೆ. ಮೈದಾನಕ್ಕೆ ಎಂಟು ಸುತ್ತು ಓಟ, ಸಾಲಾಗಿ ನಿಂತು ಶೂಟಿಂಗ್, ಕೊನೆಗೆ ಮ್ಯಾಚ್. ಇಂಟರ್ ಕಾಲೇಜ್ ಟೂರ್ನಿಗೆ ಮೂರು ವಾರ ಇದ್ದಾಗ ಇಬ್ಬರಿಗೆ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂದಿನ ಸ್ನಾಯು) ಹಿಡಿಯಿತು. ಮೊದಲ ಪಂದ್ಯದಲ್ಲೇ 0-4ರಲ್ಲಿ ಸೋತೆವು. ಆ ದಿನ ಲೈನ್ ಪಕ್ಕ ನಿಂತು ಗಂಟಲು ಹರಿಯುವ ಹಾಗೆ ಕೂಗಿದೆ. ಪಾಸ್ ಕೊಡು, ತಿರುಗು, ಹೊಡಿ. ಹಾಫ್ ಟೈಮ್‌ನಲ್ಲಿ ನಮ್ಮ ಮಿಡ್‌ಫೀಲ್ಡರ್ ಹತ್ತಿರ ಬಂದು, ‘ಸರ್, ನೀವು ಹೇಳೋಷ್ಟರಲ್ಲಿ ಚೆಂಡು ಹೋಗಿರುತ್ತೆ. ನಿಮಗೆ ಕಾಣೋದು ನನಗೆ ಯಾಕೆ ಕಾಣಲ್ಲ?’ ಎಂದ. ಅವನು ಎದುರುತ್ತರ ಕೊಟ್ಟಿದ್ದಲ್ಲ, ನಿಜವಾಗಿ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮರುವರ್ಷ ದುಡ್ಡು ಕೂಡಿಸಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ (ಎಐಎಫ್‌ಎಫ್) ಡಿ ಲೈಸೆನ್ಸ್ ಕೋರ್ಸ್‌ಗೆ, ಅಂದರೆ ಕೋಚ್‌ಗಳ ಆರಂಭದ ಹಂತದ ತರಬೇತಿಗೆ ಸೇರಿದೆ. ಅಲ್ಲಿ ಕೋಚ್ ಆಗಲು ಬಂದವರೇ ಒಬ್ಬರಿಗೊಬ್ಬರು ಆಟಗಾರರಾಗಬೇಕು. ಒಂದು ದಿನ ನಾನು ಪಾಠ ಮಾಡುವಾಗ ಹಿಂದಿನಿಂದ ಇನ್‌ಸ್ಟ್ರಕ್ಟರ್ ಕೇಳಿದರು, ‘ನಿಮ್ಮ ರೈಟ್ ಬ್ಯಾಕ್ ಈಗ ಎಲ್ಲಿ ನಿಂತಿದ್ದಾನೆ?’ ನನಗೆ ಗೊತ್ತಿರಲಿಲ್ಲ. ಇಡೀ ಹೊತ್ತು ನಾನು ಚೆಂಡನ್ನೇ ನೋಡುತ್ತಿದ್ದೆ. ಆಟಗಾರನಾಗಿ ಹಾಗೇ ಅಭ್ಯಾಸ ಆಗಿತ್ತು, ಕೋಚ್ ಆದ ಮೇಲೂ ಬಿಟ್ಟಿರಲಿಲ್ಲ. ಅವತ್ತಿನಿಂದ ಪಂದ್ಯದ ಮೊದಲ ಹತ್ತು ನಿಮಿಷ ನಾನು ಚೆಂಡಿನ ಕಡೆ ಕಣ್ಣು ಹಾಕುವುದಿಲ್ಲ. ಚೆಂಡಿನಿಂದ ದೂರ ಇರುವವರನ್ನು ನೋಡುತ್ತೇನೆ. ಬಾಯಿಯನ್ನೂ ಆದಷ್ಟು ಮುಚ್ಚಿಕೊಂಡಿರುತ್ತೇನೆ.

ಈಗ ಬರುವ ಹುಡುಗರ ವಿಷಯ ಬೇರೆ. ಅವರಲ್ಲಿ ಜಾಸ್ತಿ ಜನ ಆಟ ಕಲಿತಿರುವುದು ಗಂಟೆಗೆ ಇಷ್ಟು ಎಂದು ಬಾಡಿಗೆಗೆ ಸಿಗುವ ಟರ್ಫ್‌ಗಳಲ್ಲಿ, ಅಂದರೆ ಕೃತಕ ಹುಲ್ಲಿನ ಸಣ್ಣ ಮೈದಾನಗಳಲ್ಲಿ. ಐದೈದು ಜನರ ಆಟ, ಸುತ್ತಲೂ ಬಲೆ. ಕಾಲಲ್ಲಿ ಚೆಂಡು ಚೆನ್ನಾಗಿ ನಿಲ್ಲುತ್ತದೆ. ಇಕ್ಕಟ್ಟಿನಲ್ಲಿ ನುಣುಚಿಕೊಂಡು ಹೋಗುತ್ತಾರೆ, ನಮ್ಮ ಕಾಲದಲ್ಲಿ ನಮಗೆ ಅದು ಬರುತ್ತಿರಲಿಲ್ಲ. ಆದರೆ ಟರ್ಫ್‌ನಲ್ಲಿ ಚೆಂಡು ಹೊರಗೆ ಹೋಗುವುದೇ ಇಲ್ಲ, ಬಲೆಗೆ ಬಡಿದು ವಾಪಸ್ ಬರುತ್ತದೆ. ಆಫ್‌ಸೈಡ್ ಇಲ್ಲ. ಥ್ರೋ ಇನ್ ಇಲ್ಲ. ಎಲ್ಲರೂ ಕಣ್ಣೆದುರೇ ಇರುತ್ತಾರೆ, ಹಾಗಾಗಿ ತಿರುಗಿ ನೋಡುವ ಅಗತ್ಯವೇ ಬರುವುದಿಲ್ಲ. ಅಂಥವನನ್ನು 105 ಮೀಟರ್ ಉದ್ದ, 68 ಮೀಟರ್ ಅಗಲದ ಮೈದಾನದಲ್ಲಿ ನಿಲ್ಲಿಸಿದರೆ ಆ ಕಡೆ ಒಬ್ಬ ಆರಾಮಾಗಿ ನಿಂತಿರುವುದು ಅವನಿಗೆ ಕಾಣುವುದಿಲ್ಲ. ಹತ್ತು ವರ್ಷದ ಹಿಂದೆ ಆ ಮಿಡ್‌ಫೀಲ್ಡರ್ ಕೇಳಿದ್ದೂ ಇದನ್ನೇ ಅಲ್ವಾ?

ಅದಕ್ಕೇ ಜೂನಿಯರ್‌ಗಳಿಗೆ ಮೊದಲ ವಾರ ನಾನು ಚೆಂಡನ್ನೇ ಕೊಡುವುದಿಲ್ಲ. ಗೆರೆಗಳ ಮೇಲೆ ನಡೆಸುತ್ತೇನೆ. ಒಂದು ಕಾರ್ನರ್‌ನಿಂದ ಇನ್ನೊಂದಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸಬೇಕು. ಆಮೇಲೆ ಬೆರಳಿನ ಆಟ. ಒಬ್ಬ ಪಾಸ್ ಕೊಡುತ್ತಾನೆ. ಪಾಸ್ ತಗೊಳ್ಳುವವನ ಬೆನ್ನ ಹಿಂದೆ ಇನ್ನೊಬ್ಬ ನಿಂತು ಬೆರಳು ತೋರಿಸುತ್ತಾನೆ. ಚೆಂಡು ಕಾಲಿಗೆ ಮುಟ್ಟುವ ಮೊದಲು ತಿರುಗಿ ನೋಡಿ ಎಷ್ಟು ಬೆರಳು ಎಂದು ಹೇಳಬೇಕು. ಕೇಳಲು ಸುಲಭ. ಶುರುವಿನಲ್ಲಿ ನೋಡಲು ಹೋದವನ ಕಾಲಿಂದ ಚೆಂಡು ಜಾರುತ್ತದೆ, ಚೆಂಡು ಹಿಡಿದವನಿಗೆ ಬೆರಳು ಕಾಣುವುದಿಲ್ಲ. ಎರಡನೇ ತಿಂಗಳ ಹೊತ್ತಿಗೆ ಯಾವಾಗ ನೋಡಬೇಕು ಎನ್ನುವುದು ಕುತ್ತಿಗೆಗೇ ಗೊತ್ತಾಗುತ್ತದೆ: ಚೆಂಡು ಇಬ್ಬರ ನಡುವೆ ಓಡುತ್ತಿರುವಾಗ. ಆಗ ಯಾರ ಕಾಲಲ್ಲೂ ಚೆಂಡಿಲ್ಲ, ನೋಡಲು ಒಂದು ಕ್ಷಣ ಬಿಡುವಿರುತ್ತದೆ.

2019ರಲ್ಲಿ ಗೋಲ್ ಕಿಕ್ (ಎದುರಾಳಿಯ ಕಾಲಿಂದ ಚೆಂಡು ಗೋಲ್ ಪಕ್ಕದ ಗೆರೆ ದಾಟಿ ಹೋದಾಗ ನಮ್ಮ ಗೋಲ್ ಮುಂದಿನಿಂದ ಒದೆಯುವುದು) ನಿಯಮ ಬದಲಾಯಿತು. ಚೆಂಡು ಪೆನಾಲ್ಟಿ ಏರಿಯಾ (ಗೋಲ್ ಮುಂದಿನ ದೊಡ್ಡ ಪೆಟ್ಟಿಗೆ) ದಾಟುವವರೆಗೆ ಕಾಯಬೇಕಾಗಿಲ್ಲ, ಡಿಫೆಂಡರ್ ಒಳಗೇ ನಿಂತು ತಗೊಳ್ಳಬಹುದು. ಟರ್ಫ್ ಹುಡುಗರಿಗೆ ಇದು ಹೇಳಿ ಮಾಡಿಸಿದ ಹಾಗಿತ್ತು. ಇಕ್ಕಟ್ಟಿನಲ್ಲಿ ಆಡುವುದು ಅವರಿಗೆ ಬರುತ್ತಿತ್ತಲ್ಲ, ಅದಕ್ಕೆ ದೂರ ನೋಡುವುದನ್ನು ಸೇರಿಸಬೇಕಿತ್ತು ಅಷ್ಟೆ. ಮೊದಲ ಸೀಸನ್‌ನಲ್ಲಿ ಹೀಗೆ ಆಡಲು ಹೋಗಿ ಸುಮ್ನೆ ಎರಡು ಗೋಲ್ ಬಿಟ್ಟುಕೊಟ್ಟೆವು. ಕೀಪರ್ ಅತ್ತ. ತಪ್ಪು ನನ್ನದು, ನಾನು ಹೇಳಿದ್ದನ್ನೇ ನೀನು ಮಾಡಿದ್ದು ಎಂದು ಎಲ್ಲರ ಎದುರು ಹೇಳಿದೆ. ಮುಂದಿನ ಪಂದ್ಯದಲ್ಲೂ ಅವನನ್ನೇ ಆಡಿಸಿದೆ.

ಹಾಜರಾತಿಯ ತಾಪತ್ರಯ ಇದ್ದೇ ಇದೆ. 75 ಪರ್ಸೆಂಟ್ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಟೂರ್ನಿ ಬಂದಾಗ ಓ.ಡಿ. ಪತ್ರ (ಹುಡುಗ ಕಾಲೇಜಿನ ಕೆಲಸದ ಮೇಲೆ ಹೋಗಿದ್ದಾನೆ, ಹಾಜರಾತಿ ಕೊಡಿ ಎನ್ನುವ ಪತ್ರ) ಹಿಡಿದು ಡಿಪಾರ್ಟ್‌ಮೆಂಟ್‌ನಿಂದ ಡಿಪಾರ್ಟ್‌ಮೆಂಟ್‌ಗೆ ಅಲೆಯುವುದು ನನ್ನ ಕೆಲಸ. ಹುಡುಗರನ್ನು ಕಳಿಸುವುದಿಲ್ಲ, ನಾನೇ ಹೋಗುತ್ತೇನೆ. ಕೋಚ್ ಖುದ್ದಾಗಿ ಬಂದರೆ ಲೆಕ್ಚರರ್‌ಗಳು ಕೂರಿಸಿ ಮಾತಾಡುತ್ತಾರೆ.

2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷದ ಮೇಲೆ. ಹಿಂದೆ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಆ ವಾರ ಪ್ರ್ಯಾಕ್ಟೀಸ್‌ಗೆ ಒಬ್ಬನೂ ತಡವಾಗಿ ಬರಲಿಲ್ಲ. ಇಲ್ಲಿ ಲೀಗ್ ಆಡುವವರನ್ನು ನಮ್ಮವರು ಅಶೋಕನಗರದ ಸ್ಟೇಡಿಯಂನಲ್ಲಿ ಹತ್ತಿರದಿಂದ ನೋಡುತ್ತಾರೆ. ಅಂಥವರು ಗೆದ್ದರು ಎನ್ನುವುದು ಮನಸ್ಸಿಗೆ ತಟ್ಟಿತ್ತು.

ಹೋದ ವರ್ಷ ಹುಡುಗಿಯರ ತಂಡ ಶುರು ಮಾಡಿದೆವು. ಬಂದವರು ಒಂಬತ್ತು ಜನ. ಅವರಲ್ಲಿ ನಾಲ್ವರು ಊರಲ್ಲಿ ಖೋ ಖೋ ಆಡಿದವರು, ಫುಟ್‌ಬಾಲ್ ಮುಟ್ಟಿಯೇ ಇರಲಿಲ್ಲ. ಮೊದಲ ದಿನ ಬೆರಳಿನ ಆಟ ಆಡಿಸಿದೆ. ಕಾಲಲ್ಲಿ ಚೆಂಡು ನಿಲ್ಲಲಿಲ್ಲ, ಆದರೆ ಬೆರಳು ಒಂದೂ ತಪ್ಪಲಿಲ್ಲ. ಅಟ್ಟಿಸಿಕೊಂಡು ಬರುವವಳು ಎಲ್ಲಿದ್ದಾಳೆ, ಮುಂದೆ ಯಾರು ಏಳುತ್ತಾರೆ ಎಂದು ಚಿಕ್ಕಂದಿನಿಂದ ನೋಡಿ ನೋಡಿ ಅವರಿಗೆ ಅದು ರೂಢಿಯಾಗಿತ್ತು. ಹುಡುಗರಿಗೆ ನಾನು ಎರಡು ತಿಂಗಳು ಕಲಿಸುವುದನ್ನು ಇವರು ಊರಿಂದಲೇ ತಂದಿದ್ದರು. ಚೆಂಡು ನಿಲ್ಲಿಸುವುದನ್ನು ನಾನು ಕಲಿಸುತ್ತೇನೆ. ಹನ್ನೊಂದಕ್ಕೆ ಇನ್ನಿಬ್ಬರು ಬೇಕು. ಹಾಸ್ಟೆಲ್‌ನಲ್ಲಿ ಖೋ ಖೋ ಆಡಿದವರು ಇನ್ನೂ ಯಾರಿದ್ದಾರೆ ಎಂದು ಆ ನಾಲ್ವರೇ ವಿಚಾರಿಸುತ್ತಿದ್ದಾರೆ.