ಟಾರ್ಚ್ ಹಿಡಿದು ಖರೀದಿಸಿದ ಪ್ರಿಂಟ್: ನನ್ನ ಅನುಭವ

ಬಂಗಾಳದ ಕಲಾವಿದ ಸೋಮನಾಥ ಹೋರ್ ಅವರ 'ವೂಂಡ್ಸ್' (ಗಾಯಗಳು) ಸರಣಿಯ ಒಂದು ಪ್ರಿಂಟ್, ಬಿಳಿ ಹಾಳೆಯಲ್ಲಿ ಬರೀ ಸೀಳುಗಳೇ ಚಿತ್ರವಾಗಿರುವಂಥದ್ದು, ಕೊನೆಗೂ ನಮ್ಮನೆಗೆ ಬಂತು. ಪೆನ್ಸಿಲ್ ಸಹಿ, ಎಡಿಷನ್ ನಂಬರ್ (ಒಟ್ಟು ಪ್ರತಿಗಳಲ್ಲಿ ಇದು ಎಷ್ಟನೆಯದು ಅನ್ನುವುದು) ಎರಡೂ ಇವೆ. "ಬಿಳಿ ಹಾಳೆಗೆ ಅಷ್ಟು ದುಡ್ಡಾ, ಅದೂ ವಿಡಿಯೋ ನೋಡಿ?" ಅಂದವರನ್ನೆಲ್ಲ ಈಗ ಕರೆದು ತೋರಿಸುತ್ತಿದ್ದೇನೆ.

ಬಂಗಾಳದ 1943ರ ಕ್ಷಾಮವನ್ನು, ಬೆಳೆಯ ಮೂರರಲ್ಲಿ ಎರಡು ಪಾಲು ಕೇಳಿದ ಗೇಣಿ ರೈತರ ತೇಭಾಗಾ ಹೋರಾಟವನ್ನು ಕಣ್ಣಾರೆ ಕಂಡು ಚಿತ್ರಿಸಿದ್ದವರು ಅವರು. 70ರ ದಶಕದಲ್ಲಿ ಮನುಷ್ಯರ ಆಕಾರವನ್ನೇ ಬಿಟ್ಟು ಬರೀ ಗಾಯವನ್ನು ಉಳಿಸಿಕೊಂಡರು. ಮಣ್ಣಿನ ಹಾಳೆಯನ್ನು ಸೀಳಿ, ಅದರಿಂದ ಸಿಮೆಂಟ್ ಅಚ್ಚು ತೆಗೆದು, ಅದರ ಮೇಲೆ ಕಾಗದದ ತಿರುಳು ಒತ್ತಿ ಮಾಡಿದ ಪ್ರಿಂಟ್‌ಗಳು ಇವು. ನೇರ ಬೆಳಕಿನ ಫೋಟೋದಲ್ಲಿ ಇಂಥದ್ದು ಏನು ಕಾಣುತ್ತೆ?

ಅದಕ್ಕೆ ಮಾರುವವರಿಗೆ ನಾನು ಹೇಳುವುದು ಇಷ್ಟೇ: ಫ್ರೇಮ್ ಬಿಚ್ಚಿ, ಕೋಣೆ ಕತ್ತಲು ಮಾಡಿ, ಟಾರ್ಚನ್ನು ಹಾಳೆಯ ಪಕ್ಕದಲ್ಲಿ ಮಲಗಿಸಿ ಸುತ್ತಲೂ ನಿಧಾನವಾಗಿ ತಿರುಗಿಸುತ್ತಾ ವಿಡಿಯೋ ಮಾಡಿ. ಸೀಳಿನ ನೆರಳೂ ಜೊತೆಗೇ ತಿರುಗಬೇಕು. ತಿರುಗದಿದ್ದರೆ ಅದು ನಿಜವಾದ ಸೀಳಲ್ಲ, ಆ ಪ್ರಿಂಟ್ ನನಗೆ ಬೇಡ. ಹಾಳೆಯ ಹಿಂಭಾಗದಲ್ಲಿ ಇನ್ನೊಂದು ಗುರುತು ನೋಡುತ್ತೇನೆ, ಅದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಇದಕ್ಕೂ ಮುಂಚೆ ಜಾಸ್ತಿ ಪೆಟ್ಟು ತಿಂದಿದ್ದೇನೆ. ಒಬ್ಬ ಡೀಲರ್ ಲಿಥೋ (ಕಲ್ಲಿನ ಮೇಲೆ ಬರೆದು ತೆಗೆದ ಪ್ರಿಂಟ್) ಅಂತ ಹೇಳಿ ಸುಮಾರು 40 ಸಾವಿರಕ್ಕೆ ಕೊಟ್ಟಿದ್ದು, ಲೂಪ್ (ಸಣ್ಣ ಭೂತಗನ್ನಡಿ) ಹಿಡಿದರೆ ಪೂರ್ತಿ ಪತ್ರಿಕೆ ಅಚ್ಚು ಹಾಕುವಂಥ ಆಫ್‌ಸೆಟ್ ಯಂತ್ರದ ಚುಕ್ಕೆ, ಸಹಿ ಕೂಡ ಅಚ್ಚಿನದೇ. ವರ್ಷ ಜಗಳವಾಡಿ ಅರ್ಧ ವಾಪಸ್ ತಗೊಂಡೆ. ಅದಕ್ಕಿಂತ ಹೊಟ್ಟೆ ಉರಿದಿದ್ದು ಫ್ರೇಮ್ ಅಂಗಡಿಯಲ್ಲಿ. ಅಳತೆ ಕೂಡಲಿಲ್ಲ ಅಂತ ಒಂದು ಎಚಿಂಗ್‌ನ (ಆಸಿಡ್‌ನಿಂದ ಕೊರೆದ ಲೋಹದ ಪ್ಲೇಟಿನಿಂದ ತೆಗೆದ ಪ್ರಿಂಟ್) ಕೆಳಗಿನ ಮಾರ್ಜಿನ್ನನ್ನೇ ಕತ್ತರಿಸಿಬಿಟ್ಟರು. ನಂಬರೂ ಹೋಯ್ತು, ಸಹಿಯೂ ಹೋಯ್ತು, ಕೊಟ್ಟ 18-20 ಸಾವಿರವೂ ಹೋಯ್ತು.

ಮಧ್ಯೆ ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಗ್ರಾಫಿಕ್ಸ್ (ಪ್ರಿಂಟ್ ಮಾಡುವ ಕಲೆ) ಓದುವ ಹುಡುಗರಿಂದ ಬೇರೆ ಬೇರೆ ಪ್ರಿಂಟ್ ತರಿಸಿ ಟಾರ್ಚ್ ಬೆಳಕಿನಲ್ಲಿ ನೋಡಿದೆ. ಎಚಿಂಗ್‌ನಲ್ಲಿ ಪ್ಲೇಟಿನ ಅಂಚು ಚೆನ್ನಾಗಿ ಎದ್ದು ಕಾಣುತ್ತದೆ. ಮರದ ಹಲಗೆ ಕೆತ್ತಿ ತೆಗೆದ ಉಡ್‌ಕಟ್‌ನಲ್ಲಿ ಒತ್ತಿದ ಗುರುತು ಸಿಗುತ್ತದೆ. ಲಿಥೋಗೆ ಮಾತ್ರ ಟಾರ್ಚ್ ಪ್ರಯೋಜನವಿಲ್ಲ, ಅದು ಚಪ್ಪಟೆ ಕಲ್ಲಿನಿಂದ ಬಂದದ್ದು. ಅಲ್ಲಿ ಲೂಪೇ ಗತಿ.

ಈಗ ಕಣ್ಣು ಪ್ರಿಂಟ್ ಕಲಾವಿದೆ ಜರೀನಾ ಹಾಶ್ಮಿ ಅವರ 2001ರ 'ಡಿವೈಡಿಂಗ್ ಲೈನ್' ಮೇಲಿದೆ. ಇಡೀ ದೇಶ ವಿಭಜನೆಯನ್ನು ಒಂದೇ ಒಂದು ಕಪ್ಪು ಗೆರೆಯಲ್ಲಿ ಹೇಳಿದ ಉಡ್‌ಕಟ್ ಅದು. ಬೆಲೆ ನನ್ನ ಕೈಗೆ ಸದ್ಯಕ್ಕೆ ಎಟುಕುವುದಿಲ್ಲ, ಆದ್ದರಿಂದ ಎರಡು ಸಣ್ಣ ಪ್ರಿಂಟ್ ಮಾರಲು ಇಟ್ಟಿದ್ದೇನೆ. ಕೇಳಿದವರಿಗೆ ಟಾರ್ಚ್ ವಿಡಿಯೋ ನಾನೇ ಕಳಿಸುತ್ತೇನೆ.