ಮೊದಲ ಸಲ ಟ್ಯಾರಂಟುಲಾ ಸಾಕುವವರಿಗೆ ಗುಂಗುರು ಕೂದಲ ಸಾಧು ಜೇಡ

ಧಾರವಾಡದ ನಮ್ಮ ಮನೆಗೆ ಬಂದವರು ಮೂಲೆಯ ಗಾಜಿನ ಪೆಟ್ಟಿಗೆ ನೋಡಿ "ಇದರಾಗ ಏನೈತ್ರಿ?" ಅಂತ ಕೇಳುತ್ತಾರೆ. ಮಣ್ಣು, ಒಂದು ಪರಟಿ, ಅಷ್ಟೇ ಕಾಣುತ್ತದೆ. ಒಳಗಿರುವವಳು ಕರ್ಲಿ ಹೇರ್ ಟ್ಯಾರಂಟುಲಾ. ಹೊಂಡುರಾಸ್, ನಿಕರಾಗುವಾ, ಕೋಸ್ಟರಿಕಾ ಕಡೆಯ ಜೇಡ. ಮೈತುಂಬ ಗುಂಗುರು ಕೂದಲು, ಸ್ವಭಾವ ಸಾಧು. ದಿನವಿಡೀ ಕದಲದೆ ಕೂತಿರುತ್ತಾಳೆ, ಆಟ ಆಡಿಸೋಕೆ ಯಾರಿಗಾದರೂ ಪ್ರಾಣಿ ಬೇಕಿದ್ದರೆ ನಾಯಿ ಸಾಕಲಿ.

ಮೊದಲು ಕಾಗದಪತ್ರ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ, ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರುವ ಇಂಥ ವಿದೇಶಿ ಜೀವಿ ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಹೆಸರು ಹಚ್ಚಲೇಬೇಕು. ಮಾರುವವರ ಹತ್ತಿರ ದಾಖಲೆ ಇಲ್ಲವೆಂದರೆ ಸುಮ್ನೆ ಎದ್ದು ಬನ್ನಿ. ದಾಂಡೇಲಿ ಕಡೆ ಹೋಗಿ ಮರದ ಪೊಟರೆಯಿಂದ ಹಿಡಿದು ತರುವ ಯೋಚನೆಯಂತೂ ಬೇಡವೇ ಬೇಡ. ನಮ್ಮ ಪಶ್ಚಿಮಘಟ್ಟದ ಮರದ ಟ್ಯಾರಂಟುಲಾಗಳು ಮಿಂಚಿನಂತೆ ಓಡುತ್ತವೆ, ಕಚ್ಚಿದರೆ ನೋವೂ ಜೋರು.

ಪೆಟ್ಟಿಗೆ ಒಂದಡಿ ಉದ್ದ, ಒಂದಡಿ ಅಗಲ ಇದ್ದರೆ ಸಾಕು. ನರ್ಸರಿಯಲ್ಲಿ ಸಿಗುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ನಾಲ್ಕೈದು ಇಂಚು ಒತ್ತಿ ತುಂಬಿ, ಗೊಬ್ಬರ ಬೆರೆಸಿದ್ದು ಬೇಡ. ಮಣ್ಣಿಂದ ಮುಚ್ಚಳದವರೆಗೆ ಜಾಗ ಜಾಸ್ತಿ ಬಿಡಬೇಡಿ, ಯಾಕಂದ್ರೆ ಈ ಜೇಡ ಗೋಡೆ ಹತ್ತಿ ಬಿದ್ದರೆ ಹೊಟ್ಟೆ ಒಡೆದು ಸಾಯಬಹುದು. ಅಡಗಲು ಅರ್ಧ ಪರಟಿ ಅಥವಾ ಒಡೆದ ಮಡಕೆ, ಕುಡಿಯಲು ಅಗಲ ಬಾಟಲಿ ಮುಚ್ಚಳದಲ್ಲಿ ನೀರು. ಹೀಟರ್ ಬೇಕಿಲ್ಲ, ನಮ್ಮ ಹವೆಯೇ ಸಾಕು. ಏಪ್ರಿಲ್ ಬಿಸಿಲಲ್ಲಿ ಒಂದು ಮೂಲೆ ತೇವ ಮಾಡಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಹಾಗೆ ಗಾಳಿ ಆಡಲು ಬಿಡಿ. ಆ ಕೋಣೆಯಲ್ಲಿ ಜಿರಲೆ ಸ್ಪ್ರೇ, ಸೊಳ್ಳೆ ಲಿಕ್ವಿಡ್ ಎರಡೂ ಬಂದ್.

ಊಟ ವಾರಕ್ಕೊಂದು ಕ್ರಿಕೆಟ್ ಹುಳ, ಮಿಡತೆಯಂಥದ್ದು. ಅಡುಗೆಮನೆ ಜಿರಲೆ ಹಾಕಬೇಡಿ, ಅದು ಎಲ್ಲಿ ವಿಷ ತಿಂದು ಬಂದಿದೆಯೋ ಗೊತ್ತಿಲ್ಲ. ಒಂದೊಂದು ಸಲ ತಿಂಗಳುಗಟ್ಟಲೆ ಉಪವಾಸ ಮಾಡುತ್ತದೆ. ಹೊಟ್ಟೆ ದಪ್ಪಗಿದ್ದರೆ ಚಿಂತೆ ಬೇಡ.

ಕೈಯಲ್ಲಿ ಹಿಡಿಯಬಹುದಾ? ಹಿಡಿಯಬೇಕಾಗಿಯೇ ಇಲ್ಲ. ಕಚ್ಚುವುದು ಅಪರೂಪ, ಆದರೆ ಸಿಟ್ಟು ಬಂದರೆ ಹಿಂಗಾಲಲ್ಲಿ ಹೊಟ್ಟೆ ಮೇಲಿನ ಕೂದಲು ಕೆರೆದು ತೂರುತ್ತದೆ, ಚರ್ಮಕ್ಕೆ ತುರಿಕೆ, ಕಣ್ಣಿಗೆ ಬಿದ್ದರೆ ಡಾಕ್ಟರ ಹತ್ತಿರ ಓಡಬೇಕು. ಸ್ವಚ್ಛ ಮಾಡುವಾಗ ಉದ್ದ ಚಿಮಟ ಬಳಸಿ, ಮುಖ ದೂರ ಇಡಿ.

ಇನ್ನು ಪೊರೆ ಕಳಚುವುದು. ಒಂದು ಬೆಳಿಗ್ಗೆ ನೋಡಿದರೆ ನಮ್ಮವಳು ಅಂಗಾತ ಬಿದ್ದಿದ್ದಳು, ಕಾಲು ಮೇಲೆ. ಸತ್ತೇ ಹೋಯಿತು ಅಂದುಕೊಂಡೆ. ಅವ್ವ ಬೇರೆ "ಹೋತಲ್ಲೋ ತಮ್ಮಾ, ಹೊರಗ ಒಗದು ಬಾ" ಅಂದರು. ಚಿಮಟ ಕೈಗೆ ತಗೊಂಡಾಗ ಒಂದು ಕಾಲು ಸಣ್ಣಗೆ ಅಲುಗಿತು, ನನ್ನ ಕೈ ಅಲ್ಲೇ ನಿಂತಿತು. ಟ್ಯಾರಂಟುಲಾ ಪೊರೆ ಬಿಡುವುದೇ ಹೀಗೆ ಬೆನ್ನ ಮೇಲೆ ಮಲಗಿ. ಸತ್ತ ಜೇಡ ಸಾಮಾನ್ಯವಾಗಿ ಅಂಗಾತ ಬೀಳುವುದಿಲ್ಲ, ಕಾಲು ಮುದುಡಿಕೊಂಡು ಹೊಟ್ಟೆ ಕೆಳಗೆ ಸೇರಿಸಿಕೊಂಡಿರುತ್ತದೆ. ಪೊರೆ ಬಿಡುವಾಗ ಮುಟ್ಟಬಾರದು, ಪೆಟ್ಟಿಗೆ ಅಲುಗಿಸಬಾರದು, ಉಳಿದ ಹುಳ ಮೊದಲೇ ತೆಗೆದಿರಬೇಕು. ಇಲ್ಲದಿದ್ದರೆ ಮೆತ್ತಗಿನ ಮೈಯನ್ನು ಆ ಕ್ರಿಕೆಟ್ಟೇ ಕಡಿಯುತ್ತದೆ! ಪೊರೆ ಬಿಟ್ಟಾಗ ಕೋರೆಹಲ್ಲು ಬೆಳ್ಳಗಿರುತ್ತದೆ, ಆಮೇಲೆ ಕೆಂಪು, ಆಮೇಲೆ ಕಪ್ಪು. ಪೂರ್ತಿ ಕಪ್ಪಾಗುವವರೆಗೆ ಊಟ ಹಾಕಬೇಡಿ, ನೀರು ಮಾತ್ರ ಇರಲಿ.

ಹೆಣ್ಣು ಇಪ್ಪತ್ತು ವರ್ಷ ಬಾಳುತ್ತದೆ. ನಮ್ಮ ಅವ್ವ ಈಗ ಪೆಟ್ಟಿಗೆ ಒರೆಸುವಾಗ "ಸರಿ ಅತ್ತಾಗ" ಅಂತ ಅದಕ್ಕೇ ಹೇಳುತ್ತಾರೆ.